ಕಾಣೆಯಾದ ಸಾವಿರ ಚದರಡಿ

ಪೊರ್ಕೊಡಿ ಹೂಪೇಟೆಯ ತಕ್ಕಡಿಯನ್ನು ಎಂದೂ ನಂಬಿದವಳಲ್ಲ; ಮಲ್ಲಿಗೆಯನ್ನು ಮನೆಯಲ್ಲೇ ತೂಗಿ, ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡೇ ಹೊರಡುವಳು. ಎಂಟನೆಯ ತರಗತಿಯ ಲೆಕ್ಕ ಅವಳಿಗೆ ಚೆನ್ನಾಗಿ ದಕ್ಕಿತ್ತು. ಅಂಥವಳು ಅಣ್ಣ ಮಾಸಿಲಾಮಣಿಯನ್ನು ನಂಬುವುದುಂಟೇ?

ಅಪ್ಪನ ಮಲ್ಲಿಗೆ ತೋಟ ಐದು ಸಾವಿರ ಚದರಡಿಯೆಂದು ಹಳೆಯ ಪತ್ರ ಹೇಳುತ್ತಿತ್ತು. ನಟ್ಟನಡುವೆ ಬದು ಹಾಕಿ ಇಬ್ಬರೂ ಹಂಚಿಕೊಂಡರು. ವೈಗೈ ನದಿ ದಂಡೆಯ ಆ ಊರಲ್ಲಿ ಅಳತೆಗೆ ಒಂದೇ ಕ್ರಮ: ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡು, ಬಂದ ಎರಡು ಅಂಕಿಗಳನ್ನು ಗುಣಿಸು. ಹಾಗೆ ಅಳೆದಾಗ ಅವಳ ಪಾಲು ಎರಡು ಸಾವಿರ, ಅಣ್ಣನದೂ ಎರಡು ಸಾವಿರ. ಉಳಿದ ಸಾವಿರ ಎಲ್ಲಿ? ತೋಟಕ್ಕೆ ತಾಗಿಕೊಂಡೇ ಅಣ್ಣನ ಬಾಳೆಹೊಲವಿತ್ತು. ಮೊದಲು ಗಡಿಕಲ್ಲನ್ನು ಒಳಸರಿಸಿ ಆಮೇಲೆ ಸಮಪಾಲಿನ ನಾಟಕ ಆಡಿದ್ದಾನೆ! ಅವಳು ದೂರು ಬರೆದಿಟ್ಟಳು. ಸೋಮವಾರ ಅದನ್ನು ಗ್ರಾಮಾಧಿಕಾರಿಗೆ ಕೊಟ್ಟರೆ ಒಡಹುಟ್ಟಿದವನ ಮನೆಬಾಗಿಲು ಮತ್ತೆಂದೂ ತೆರೆಯದು.

ಅದಕ್ಕೇ ಭಾನುವಾರ ತಾನೇ ಹಗ್ಗ ಹಿಡಿದು ಹೊರಗಡಿಯನ್ನು ಅಳೆದಳು. ಬಡಗಣ ಬದಿ ಅರವತ್ತಡಿ, ತೆಂಕಣದ್ದು ನೂರ ನಲವತ್ತು, ಅಕ್ಕಪಕ್ಕದ ಓರೆ ಬದಿಗಳು ಐವತ್ತೈವತ್ತು. ಊರಿನ ಕ್ರಮದಲ್ಲಿ ಗುಣಿಸಿದರೆ ಸರಿಯಾಗಿ ಐದು ಸಾವಿರ. ಕಲ್ಲು ಕದಲಿರಲಿಲ್ಲ. ಹಾಗಾದರೆ ಕಳ್ಳ ಯಾರು?

ಶಂಕಿಸಲು ಉಳಿದದ್ದು ಊರಿನ ಕ್ರಮವೊಂದೇ. ನೆಟ್ಟಗೆ ಲಂಬವಾಗಿದ್ದ ನಡುಬದು ಮೂವತ್ತೇ ಅಡಿ. ತೋಟದ ನಿಜವಾದ ಅಗಲ ಅದು; ಅಂಚಿನ ಬದಿ ಓರೆಯಾಗಿದ್ದುದರಿಂದಲೇ ಐವತ್ತು. ಊರಿನ ಕ್ರಮ ಆ ಓರೆಯನ್ನೇ ಅಗಲವೆಂದು ಎಣಿಸಿ ಇಡೀ ತೋಟವನ್ನು ಹೆಚ್ಚು ಹಿಗ್ಗಿಸಿತ್ತು, ಒಂದು ಬದಿ ನೆಟ್ಟಗಿದ್ದ ಪಾಲುಗಳನ್ನು ಕಡಿಮೆ. ತನ್ನ ಪಾಲನ್ನು ಮೂವತ್ತಕ್ಕೆ ಮೂವತ್ತರ ಒಂದು ಚೌಕ, ನಲವತ್ತಕ್ಕೆ ಮೂವತ್ತರ ಒಂದು ತ್ರಿಕೋನವಾಗಿ ಒಡೆದಳು: ಒಂಬೈನೂರು, ಆರುನೂರು. ಒಟ್ಟು ಸಾವಿರದೈನೂರು. ಇಡೀ ತೋಟವೇ ಮೂರು ಸಾವಿರ, ಅಪ್ಪ ಕೊಂಡ ದಿನದಿಂದಲೂ.

ಸಂಜೆ ಅಣ್ಣನ ಅಂಗಳದಲ್ಲಿ ನಿಂತಳು. "ಕಲ್ಲು ನೀನು ಸರಿಸಿಲ್ಲ, ಅಣ್ಣಾ."

"ಓಹೋ, ಸರ್ಟಿಫಿಕೇಟು ಕೊಡೋಕೆ ಬಂದ್ಯಾ? ನಿನ್ನ ಹೊಲದ ಕಡೆ ಕಲ್ಲು ನೀನೇ ಸರಿಸಿದೀಯ ಅಂತ ತಿಂಗಳಿಂದ ಬೇಯ್ತಿದೀನಿ ನಾನು!"

ಲೆಕ್ಕ ಕೇಳಿ ಅವನ ಹುಬ್ಬು ಗಂಟಿಕ್ಕಿತು. "ಐದು ಇದ್ದದ್ದು ಮೂರಾಯ್ತಾ? ನಾಳೆ ಬಂದು ಒಂದೇ ಅಂತೀಯ. ಹಗ್ಗ ಯಾರು ಹಿಡಿದಿದ್ರು?"

"ನಾನೇ. ಇನ್ನೊಂದು ತುದಿ ಗೂಟಕ್ಕೆ ಕಟ್ಟಿದ್ದೆ."

"ಗೂಟ ಜಾರಿರುತ್ತೆ. ನನ್ನ ಹಗ್ಗದಲ್ಲಿ ಅಳೆಯೋಣ."

"ನಿನ್ನ ಹಗ್ಗ ಹಿಗ್ಗುತ್ತೆ. ಮೊದಲು ಅದನ್ನೇ ಅಳೀಬೇಕು."

ಅತ್ತಿಗೆ ಒಳಗಿನಿಂದಲೇ ನಕ್ಕಳು: "ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದ್ದು ಖಾತ್ರಿ ಆಯ್ತು!"

ಸೋಮವಾರ ದೂರು ಕಚೇರಿಗೆ ಹೋಗಲಿಲ್ಲ. ಆ ಹೊತ್ತಿಗೆ ಅಣ್ಣ ತಂಗಿ ತೋಟದಲ್ಲಿದ್ದರು, ಒಂದೊಂದು ತುದಿ ಹಿಡಿದು. ಹಗ್ಗವನ್ನು ಯಾರು ಸಡಿಲ ಬಿಡುತ್ತಾರೋ ಎಂದು ಇಬ್ಬರ ಕಣ್ಣೂ ಇನ್ನೊಬ್ಬರ ಕೈ ಮೇಲೇ ಇತ್ತು.