ಸೌಟಣ್ಣನ ಎರಡನೇ ಪಾತ್ರೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನನ್ನು ಎಲ್ಲರೂ ಸೌಟಣ್ಣ ಎಂದೇ ಕರೆಯುತ್ತಿದ್ದರು. ಮಾಂಸದ ಸಾರಿಗೆ ಅವನದೇ ಕೈ ಆಗಬೇಕು. ಅವನು ರಜೆ ಹಾಕಿದ ದಿನ ಕೆಲಸಗಾರರು ತಟ್ಟೆಯ ಮುಂದೆ ಮೂಗು ಮುರಿಯುತ್ತಿದ್ದರು. ರುಚಿ ನೋಡುವ ನೆಪದಲ್ಲಿ ದಿನವಿಡೀ ಒಂದೊಂದು ಕೊಬ್ಬಿನ ತುಂಡು ಅವನ ಬಾಯಿಗೆ ಹೋಗುತ್ತಿತ್ತು. ತರಕಾರಿ ಎಂದರೆ ಅವನ ಲೆಕ್ಕದಲ್ಲಿ ಈರುಳ್ಳಿ, ಅದೂ ಮಾಂಸದ ಜೊತೆಗೆ.

ಒಂದು ಮಧ್ಯಾಹ್ನ ದೊಡ್ಡ ಪಾತ್ರೆ ಇಳಿಸುವಾಗ ಎದೆಯ ಮೇಲೆ ಯಾರೋ ಕಲ್ಲು ಹೇರಿದಂತಾಯಿತು. ಬೆವರಿನಲ್ಲಿ ತೊಯ್ದು ಕುಸಿದವನನ್ನು ಸರಕಿನ ವ್ಯಾನಿನಲ್ಲೇ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಮಾತ್ರೆ ಒಂದೇ ಸಾಲಲ್ಲ. ಮಾಂಸ, ಬೆಣ್ಣೆ ಬಿಡಿ. ಕಾಳು, ತರಕಾರಿ, ಸೊಪ್ಪು, ಹಣ್ಣು ತಿನ್ನಿ. ಉಪ್ಪು, ಎಣ್ಣೆ ಕಮ್ಮಿ ಇರ್ಲಿ" ಎಂದರು. ಸೌಟಣ್ಣ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ತಲೆಯಾಡಿಸಿ ಒಪ್ಪಿಕೊಂಡಾಗಿತ್ತು.

ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಗಂಡನ ಒಲೆ. ಮದುವೆಯಾದಾಗಿನಿಂದ ಅವನು ಅವಳನ್ನು ಒಲೆಯ ಹತ್ತಿರ ಬಿಟ್ಟವನೇ ಅಲ್ಲ. ಈಗ ಅವಳೇ ಸೋರೆಕಾಯಿ, ಬೀನ್ಸ್ ಬೇಯಿಸಿ ಹಾಕತೊಡಗಿದಳು. ಕೆಲವು ದಿನ ಸಹಿಸಿದ ಸೌಟಣ್ಣ ಒಂದು ಸಂಜೆ ತಟ್ಟೆ ದೂಡಿದ.

"ಇದು ಊಟ ಅಲ್ಲ ಕಣೆ, ಬಟ್ಟೆ ಒಗೆದ ನೀರು."

ಅವಳು ಜಗಳಕ್ಕೆ ಬರಲಿಲ್ಲ. "ನನಗೆ ಅಡುಗೆ ಬರಲ್ಲ, ಒಪ್ಕೋತೀನಿ. ಆದ್ರೆ ಒಂದು ಮಾತು ಹೇಳಿ. ಇಷ್ಟು ವರ್ಷ ಜನ ಬಾಯಿ ಚಪ್ಪರಿಸ್ಕೊಂಡು ತಿಂದ್ರಲ್ಲ, ಆ ರುಚಿ ನಿಮ್ಮ ಕೈಯಲ್ಲಿತ್ತೋ, ಕುರಿ ಮೈಯಲ್ಲಿತ್ತೋ?"

ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕೂತಿತು. ಬೆಳಗಾದದ್ದೇ ಅವನು ಚೀಲ ಹಿಡಿದು ಮಾರುಕಟ್ಟೆಗೆ ಹೋದ. ಬದನೆಕಾಯಿಯನ್ನು ಒತ್ತಿ ನೋಡಿದ, ಟೊಮೆಟೊ ಮೂಸಿದ, ಅಣಬೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮನೆಗೆ ಅಳಿಯನ್ನ ಹುಡುಕೋ ಹಾಗೆ ನೋಡ್ತಿದ್ದೀರಲ್ಲಣ್ಣ" ಎಂದು ತರಕಾರಿಯವಳು ನಕ್ಕಳು.

ಮೊದಲ ದಿನದ ಬದನೆಕಾಯಿ ಹಾಳಾಯಿತು. ಮಾಂಸ ಬೇಯಿಸಿದಷ್ಟು ಹೊತ್ತು ಬೇಯಿಸಿದ್ದರಿಂದ ಅದು ಅಂಟಿನ ಹಾಗಾಗಿತ್ತು. ಹೆಂಡತಿ ಉಸಿರೆತ್ತದೆ ತಿನ್ನುತ್ತಿದ್ದುದನ್ನು ಕಂಡು ಅವನಿಗೇ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕಿದ್ದು ಅದೇ ಮೊದಲು. ಆಮೇಲೆ ಅವನಿಗೆ ಹಟ ಹಿಡಿಯಿತು, ದಿನಕ್ಕೊಂದು ಗುಟ್ಟು ಕಲಿತ. ಅಣಬೆಯನ್ನು ಒಣ ಬಾಣಲೆಯಲ್ಲಿ ನೀರು ಹಿಂಗುವವರೆಗೆ ಹುರಿದರೆ ಘಮ ಬರುತ್ತದೆ. ಈರುಳ್ಳಿಗೆ ಎಣ್ಣೆ ಸುರಿಯುವ ಬದಲು ಆಗಾಗ ನೀರು ಚಿಮುಕಿಸುತ್ತ ಸಣ್ಣ ಉರಿಯಲ್ಲಿ ಕೆಂಪಗೆ ಮಾಡಬಹುದು. ಹುರಿದ ಎಳ್ಳನ್ನು ಅರೆದು ಹಾಕಿದರೆ ಸಾರಿಗೆ ಮೈ ಬರುತ್ತದೆ, ಕೊನೆಗೆ ನಿಂಬೆ ಹಿಂಡಿದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಒಂದು ಭಾನುವಾರ ಕಾಳು, ಅಣಬೆ ಹಾಕಿ ಗಟ್ಟಿ ಸಾರು ಮಾಡಿದ. ಹೆಂಡತಿ ತಟ್ಟೆ ಬಳಿದು, "ಇನ್ನೂ ಇದೆಯಾ?" ಎಂದಳು. ಅವನು ಉರಿ ಸರಿಮಾಡುವವನಂತೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಕೆಲಸಕ್ಕೆ ಮರಳಿದ ದಿನ ಮಾಂಸವಿಲ್ಲದ ಸಾರು ಮಾಡುವ ವಿಷಯವನ್ನು ಕ್ಯಾಂಟೀನಿನ ಮ್ಯಾನೇಜರಿಗೆ ಹೇಳಿದ.

"ಮಾಂಸ ನಿಲ್ಸಿದ್ರೆ ಇವರೆಲ್ಲ ಮೆಷೀನೇ ನಿಲ್ಲಿಸ್ಬಿಡ್ತಾರೆ" ಎಂದರು ಮ್ಯಾನೇಜರು.

"ನಿಲ್ಲಿಸೋದು ಬೇಡ ಸಾರ್. ಪಕ್ಕದಲ್ಲಿ ಇನ್ನೊಂದು ಸಣ್ಣ ಪಾತ್ರೆ ಇಡ್ತೀನಿ, ಅಷ್ಟೇ."

ಊಟದ ಸಾಲಿನಲ್ಲಿ ನಿಂತಿದ್ದ ಒಬ್ಬ ವೆಲ್ಡರ್ ಆ ಸಣ್ಣ ಪಾತ್ರೆಯೊಳಗೆ ಇಣುಕಿ, "ಹುಲಿ ಹಸಿದ್ರೂ ಹುಲ್ಲು ತಿನ್ನಲ್ಲ ಅಂತಾರೆ. ನಮ್ಮ ಹುಲಿ ಹುಲ್ಲು ಬೇಯಿಸೋಕೇ ಶುರು ಮಾಡ್ತು" ಎಂದ. ಎಲ್ಲರೂ ನಕ್ಕರು. ಸಂಜೆ ಆ ಪಾತ್ರೆ ಹೆಚ್ಚುಕಮ್ಮಿ ತುಂಬಿದ್ದ ಹಾಗೇ ಮನೆಗೆ ಬಂದು ಅಕ್ಕಪಕ್ಕದವರ ಪಾಲಾಯಿತು. ಮರುದಿನವೂ ಸೌಟಣ್ಣ ಅದನ್ನು ಒಲೆಯ ಮೇಲಿಟ್ಟ.

ಸ್ವಲ್ಪ ದಿನಕ್ಕೆ ಅದೇ ವೆಲ್ಡರ್, ಎಲ್ಲರೂ ಎದ್ದು ಹೋದ ಮೇಲೆ ಬಂದು ನಿಂತ. ಅವನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಡಾಕ್ಟರು ಗದರಿಸಿ ಕಳಿಸಿದ್ದರು.

"ಆ ಹುಲ್ಲು ಒಂದು ಸೌಟು ಹಾಕಣ್ಣ."

ನಿಂತಲ್ಲೇ ತಿಂದ. ಮತ್ತೊಂದು ಸೌಟು ಹಾಕಿಸಿಕೊಂಡು, "ಏನ್ ಹಾಕಿದ್ದೀಯ ಇದಕ್ಕೆ?" ಎಂದು ಕೇಳಿದ.

"ಈರುಳ್ಳಿನ ಸರಿಯಾಗಿ ಹುರಿದಿದ್ದೀನಿ ಕಣೋ."

ಮರುದಿನ ಅವನು ತನ್ನ ವಿಭಾಗದವರನ್ನೂ ಕಟ್ಟಿಕೊಂಡು ಬಂದ. ಹಾಗೆ ಬಾಯಿಂದ ಬಾಯಿಗೆ ಹರಡಿ ಸಣ್ಣ ಪಾತ್ರೆ ಸಾಲದೆ ದೊಡ್ಡದು ಬಂತು. ಮಾಂಸದ ಪಾತ್ರೆ ಪಕ್ಕದಲ್ಲೇ ಇದೆ. ಅದರ ರುಚಿಯನ್ನು ಈಗ ಜೊತೆಯ ಅಡುಗೆಯವನು ನೋಡುತ್ತಾನೆ. ಅದರ ಘಮ ಎದ್ದಾಗ ಸೌಟಣ್ಣನ ಬಾಯಲ್ಲಿ ಇವತ್ತಿಗೂ ನೀರೂರುತ್ತದೆ, ಅದನ್ನವನು ಮುಚ್ಚಿಡುವುದಿಲ್ಲ. ಆದರೆ ಮನೆಯ ಮೆಟ್ಟಿಲನ್ನು ನಡುವೆ ಎಲ್ಲೂ ನಿಲ್ಲದೆ ಹತ್ತುತ್ತಾನೆ. ಕಳೆದ ಸಲ ನೋಡಿದಾಗ ಡಾಕ್ಟರಮ್ಮ ಒಂದು ಮಾತ್ರೆ ಕಡಿಮೆ ಮಾಡಿದರು.

ಮೊನ್ನೆ ರಜೆಯ ದಿನ ಹೆಂಡತಿ ಅವನನ್ನು ಹೊರಗೆ ಕೂರಿಸಿ ತಾನೇ ಬೇಳೆ, ಸೊಪ್ಪು ಬೇಯಿಸಿ ತಂದಳು. ಅವನು ಒಂದು ತುತ್ತು ತಿಂದು, ಕ್ಷಣ ಯೋಚಿಸಿ, "ಚೆನ್ನಾಗಿದೆ" ಎಂದ.

"ಸುಳ್ಳು ಹೇಳ್ಬೇಡಿ."

"ಸರಿ, ಬೆಳ್ಳುಳ್ಳಿ ಸ್ವಲ್ಪ ಸೀದಿದೆ. ಬಾ, ಹೇಗೆ ಹುರಿಯೋದು ಅಂತ ತೋರಿಸ್ತೀನಿ" ಎಂದು ಅವನು ಎದ್ದು ಒಲೆಯ ಮುಂದೆ ಅವಳಿಗೂ ಜಾಗ ಬಿಟ್ಟು ನಿಂತ.