ಹೊಸ್ತಿಲವರೆಗಿನ ಚರಿತ್ರೆ
ಚಿಕ್ಕನಾಯಕನಹಳ್ಳಿಯ ಹಳೇ ಬೀದಿಯ ದೊಡ್ಡಮನೆ ಯಾರದೇ ಆಗಿರಲಿ, ಅದರ ಚರಿತ್ರೆ ಮಾತ್ರ ಮೂಡ್ಲಯ್ಯನದು, ಕೇಳದಿದ್ದರೂ ಹೇಳುತ್ತಾನೆ. ಜಗಲಿಯ ಕಂಬವನ್ನು ಎಮ್ಮೆಯ ಮೈ ತಟ್ಟಿದಂತೆ ತಟ್ಟಿ, "ಹಲಸಿನ ಮರ ಕಣ್ರೀ, ಗೆದ್ಲುಹುಳ ಹಲ್ಲು ಮುರ್ಕಂಡು ಹುಳಿಯಾರಿಗೆ ಓಡೋಯ್ತು" ಎನ್ನುತ್ತಾನೆ. ಬಾಗಿಲುವಾಡದಲ್ಲಿ ಕೆತ್ತಿದ ಗಿಳಿಗಳು ಅವನ ಬಾಯಲ್ಲಿ ದಿನಕ್ಕೆರಡು ಮರಿ ಮಾಡುತ್ತವೆ. ರಸ್ತೆ ಅಗಲ ಮಾಡುವವರು ಗೋಡೆಗೆ ಕೆಡವುವ ಗುರುತು ಬಳಿದರೆ, ಕೆಂಪು ಬಣ್ಣ ಒಣಗುವ ಮೊದಲೇ ಬೆನ್ನೊರಗಿಸಿ ಕೂರುತ್ತಾನೆ. ಕೆಡವಬೇಕಾದದ್ದು ಗೋಡೆಯೋ ಮೂಡ್ಲಯ್ಯನೋ ತಿಳಿಯದೆ ಅವರು ವಾಪಸ್ಸಾಗುತ್ತಾರೆ. ಮೊನ್ನೆ ಕಾಲೇಜು ಹುಡುಗಿ ನಯನ "ಒಳಗೆ ಹೇಗಿದೆ ತಾತ?" ಎಂದಳು. ಮೂಡ್ಲಯ್ಯನಿಗೆ ಮೊದಲ ಸಲ ಸುಳ್ಳು ಹೊಳೆಯಲಿಲ್ಲ. "ನಂಗೇನವ್ವ ಗೊತ್ತು? ನಮ್ಮ ಕೇರಿಯೋರ್ನ ಹೊಸ್ಲು ದಾಟಕ್ಕೆ ಯಾರು ಬುಟ್ಟವ್ರೆ? ಒಂದ್ಸಲ ಒಳ್ಗೆ ನೋಡೋಗಂಟ ಈ ಮನೆ ಬೀಳ್ಬಾರ್ದು ಅಂತ್ಲೇ ಕಾಯ್ತಾ ಇವ್ನಿ ಕಣವ್ವ."