ಮೂರು ಸಲ ಬೀಗ ಕಂಡ ಮನೆ

ನಮ್ಮ ಬಡಾವಣೆಯ ಮತದಾರರ ಪಟ್ಟಿಯನ್ನು ಹದಿನಾಲ್ಕು ವರ್ಷ ನಾನೇ ನೋಡಿಕೊಂಡೆ. ಶಾಲೆಯ ಪಾಠದ ಜೊತೆಗೇ ಬಂದ ಕೆಲಸ ಅದು. ನಿವೃತ್ತನಾದಾಗ ಕಾಗದದ ಕಟ್ಟನ್ನು ಅಂಗನವಾಡಿ ಟೀಚರಮ್ಮನಿಗೆ ಒಪ್ಪಿಸಿದೆ. ಈ ವರ್ಷ ಮತದಾರರ ದಿನದ ಸನ್ಮಾನಕ್ಕೆ ಆಕೆಯ ಹೆಸರು ಬಂತು. ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಸುದ್ದಿ ಕೇಳಿದ ದಿನ ಊಟ ರುಚಿಸಲಿಲ್ಲ. ಆದರೂ ಒಂದು ಗಂಟೆಗೆ ಸರಿಯಾಗಿ ತಟ್ಟೆಯ ಮುಂದೆ ಕುಳಿತಿದ್ದೆ.

ಬಳ್ಳಾರಿಯ ಅಂಚಿನ ಈ ಬಡಾವಣೆ ಬೆಳೆದದ್ದು ನನ್ನ ಪಟ್ಟಿಯೊಳಗೇ. ಮೊದಲು ಬಂದವರು ಸತ್ಯನಾರಾಯಣಪೇಟೆಯ ಬಾಡಿಗೆ ತಾಳಲಾರದ ಗುಮಾಸ್ತರು, ಮಾಸ್ತರರು. ಆಮೇಲೆ ಜೀನ್ಸ್ ಹೊಲಿಗೆಗೆಂದು ಕುರುಗೋಡು, ಸಿರಿಗೇರಿ ಕಡೆಯವರು, ಅವರ ಹಿಂದೆಯೇ ಗಡಿಯಾಚೆಯ ತೆಲುಗಿನವರು. ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ಕುರುಗೋಡು ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಅಲ್ಲಿಂದ ಬಂದ ಮುದುಕರು ಮಾತ್ರ “ನಮ್ದು ಕುರುಗೋಡು ಓಟು” ಅನ್ನುತ್ತಲೇ ಇದ್ದರು. ನಾನು ಪ್ರತಿ ಸಲವೂ ತಿದ್ದುತ್ತಿದ್ದೆ.

ನನ್ನದು ಶಿಸ್ತಿನ ಕೆಲಸ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊರಟು ಬಲಗಡೆಯ ಸಾಲು ಮುಗಿಸಿ ಎಡಗಡೆಗೆ ತಿರುಗುತ್ತಿದ್ದೆ. ಮೂರು ವಾರ, ಮೂರು ಸಲ ಬೀಗ ಕಂಡರೆ ‘ಸ್ಥಳಾಂತರ’ ಎಂದು ಬರೆಯುತ್ತಿದ್ದೆ. ಟೀಚರಮ್ಮನಿಗೆ ಅಂಥ ಕ್ರಮವೇ ಇಲ್ಲ. ನಲ್ಲಿಯಲ್ಲಿ ನೀರು ಬಂದಾಗ ಕೊಡಗಳ ಸಾಲಿನ ಪಕ್ಕ ನಿಂತು ಹೆಸರು ಬರೆದುಕೊಳ್ಳುತ್ತಾಳೆ. ಅಂಥವಳಿಗೆ ಸನ್ಮಾನ!

ಕರಡು ಪಟ್ಟಿ ತರಿಸಿ, ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಲು ಕುಳಿತೆ. ಸಿಕ್ಕೇಬಿಟ್ಟಿತು. ಹಿಂದಿನ ಓಣಿಯಲ್ಲಿ ನಾನು ಅಳಿಸಿದ್ದ ಒಂದು ಮನೆಯ ಐದೂ ಹೆಸರುಗಳು ಮತ್ತೆ ಬಂದಿದ್ದವು. ಆಕ್ಷೇಪಣೆಯ ಅರ್ಜಿ ತುಂಬಿ ಜೇಬಿಗಿಟ್ಟುಕೊಂಡು ಅಂಗನವಾಡಿಗೆ ಹೋದೆ. ಇದೊಂದು ಅರ್ಜಿ ಕಚೇರಿಗೆ ಸೇರಿದರೆ ಸನ್ಮಾನ ನಿಲ್ಲುತ್ತದೆ ಎಂದು ನನ್ನ ಲೆಕ್ಕ.

“ಇವ್ರು ಊರು ಬಿಟ್ಟು ಹೋದೋರು ಟೀಚರಮ್ಮ. ಹೆಂಗ ಸೇರಿಸಿದಿ?”

“ಬರ್ರಿ ಸರ, ನೀವೇ ನೋಡೀರಂತ,” ಎಂದು ಚಪ್ಪಲಿ ಮೆಟ್ಟಿಕೊಂಡಳು.

ಆ ಮನೆಯ ಕಟ್ಟೆಯ ಮೇಲೆ ಒಬ್ಬಾಕೆ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತ ಕುಳಿತಿದ್ದಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ.

“ಎಲ್ಲಿಗೆ ಹೋಗ್ತೀವಿ ಸರ? ಭತ್ತ ನಾಟಿ ಹಚ್ಚಾಕ ಸಿರುಗುಪ್ಪಕ್ಕ. ವರ್ಷವರ್ಷಾ ಮನಿಮಂದೆಲ್ಲ ಹೋಗ್ತೀವಿ, ಮುಗಿದ ಮ್ಯಾಲ ಬರ್ತೀವಿ. ಹೋದ ಎಂಪಿ ಓಟಿನಾಗ ಹೆಸರಿಲ್ಲಂತ ನಮ್ಮತ್ತಿನ್ನ ಬೂತಿನಿಂದ ವಾಪಸ್ ಕಳಿಸಿದ್ರು. ಮುದುಕಿ ಅಳ್ಕೋತ ಬಂದ್ಳು. ಯಾವ ಪುಣ್ಯಾತ್ಮ ಹೊಡೆದುಹಾಕಿದ್ನೋ!”

ನಾನು ಮೂರು ಸಲ ಬಂದದ್ದು ನಾಟಿಯ ತಿಂಗಳಲ್ಲೇ. ಹೆಸರು ಹೊಡೆದವನು ನಾನೆಂದು ಟೀಚರಮ್ಮನಿಗೆ ಗೊತ್ತಿತ್ತು. ಆಕೆಗೆ ಒಪ್ಪಿಸಿದ ಕಾಗದದ ಕಟ್ಟಿನಲ್ಲಿ ನನ್ನ ಸಹಿ ಇತ್ತು.

“ಹೋಗ್ಲಿ ಬಿಡಕ್ಕ, ಈಗ ಐತಲ್ಲ,” ಎಂದಳಷ್ಟೇ.

ಆ ಮಾತು ಸನ್ಮಾನಕ್ಕಿಂತ ಹೆಚ್ಚು ಉರಿಸಿತು. ಆಕೆಯ ಇಂಥ ತಪ್ಪು ನನ್ನ ಕೈಗೆ ಸಿಕ್ಕಿದ್ದರೆ ನಾನು ಹೇಳದೆ ಬಿಡುತ್ತಿರಲಿಲ್ಲ.

“ಹೆಸರು ಹೊಡೆದವ ನಾನೇ ಅವ್ವ,” ಎಂದೆ.

ಆಕೆಯ ಕತ್ತರಿ ನಿಂತಿತು. “ಅಯ್ಯ, ನೀವಾ ಸರ? ಮಗ್ಗಲ ಮನಿಯಾಗ ಒಂದು ಮಾತು ಕೇಳಿದ್ರ ಬಾಯಿ ಸವೀತಿತ್ತೇನು?”

ಟೀಚರಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು.

ಅರ್ಜಿಯನ್ನು ಕೊಡಲಿಲ್ಲ. ಸನ್ಮಾನದ ದಿನ ಕಾಲು ಗಂಟೆ ಮೊದಲೇ ಹೋಗಿ ಮೂರನೆಯ ಸಾಲಿನಲ್ಲಿ ಕುಳಿತೆ. ಆಕೆಗೆ ಶಾಲು ಹೊದಿಸಿದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆ ಶಾಲು ಆಕೆಗೇ ಸಲ್ಲಬೇಕಾದದ್ದು ಎಂದು ಒಪ್ಪಿಕೊಂಡ ಮೇಲೂ ಅದು ನನಗೆ ಬೇಕಾಗಿತ್ತು.